ಹಳೇ ಎಂಎಂ 540 ಜೀಪು: ಮಳೆಗಾಲಕ್ಕೆ ಮುಂಚೆ ಮನೆಯಲ್ಲೇ ಏನು ಮಾಡಬಹುದು?

ಕೇಳಿದವರು, ಮೂಡಿಗೆರೆ ಕಡೆಯಿಂದ

ಅಪ್ಪ ಓಡಿಸುತ್ತಿದ್ದ 1994ರ ಮಹೀಂದ್ರಾ ಎಂಎಂ 540 ಈಗ ನನ್ನ ಕೈಗೆ ಬಂದಿದೆ. ಪ್ಯೂಜೋ ಡೀಸೆಲ್ ಎಂಜಿನ್. ಫೋರ್ ವೀಲ್ ಡ್ರೈವ್ ಕೆಲಸ ಮಾಡುತ್ತದೆ. ತೋಟಕ್ಕೆ ಗೊಬ್ಬರ, ಕಾಫಿ ಮೂಟೆ ಹೊರಬೇಕು, ಆಗಾಗ ಪೇಟೆಗೆ ಹೋಗಬೇಕು, ಅಷ್ಟೇ. ಸ್ಪೀಡು ನಲವತ್ತು ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹೆಡ್‌ಲೈಟ್ ಮಂಕು. ಗ್ಯಾರೇಜಿನವರು ಪೂರ್ತಿ ಬಿಚ್ಚೋಣ ಅಂತಾರೆ. ಮಗ ದೊಡ್ಡ ಟೈರು, ವಿಂಚು (ಹೂತ ಗಾಡಿ ಎಳೆಯುವ ಹಗ್ಗದ ಯಂತ್ರ) ಹಾಕಿಸೋಣ ಅಂತಾನೆ. ನನಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆ. ಯಾವುದನ್ನು ನಾನೇ ಮಾಡಿಕೊಳ್ಳಬಹುದು, ಯಾವುದಕ್ಕೆ ಮೊದಲು ದುಡ್ಡು ಹಾಕಲಿ?

ಸಕಲೇಶಪುರದಿಂದ

ಟೈರು, ವಿಂಚು ಎಲ್ಲ ಆಮೇಲೆ. ಮೊದಲು ಸ್ಟೀರಿಂಗ್ ಮತ್ತು ಬ್ರೇಕು. ಆಮೇಲೆ ತುಕ್ಕು, ವೈರಿಂಗ್. ಎಂಜಿನ್ ಕೊನೆಗೆ. ಎಂಜಿನ್ ಕೈಕೊಟ್ಟರೆ ಜೀಪು ನಿಲ್ಲುತ್ತದೆ ಅಷ್ಟೇ. ಬ್ರೇಕ್ ಕೈಕೊಟ್ಟರೆ ನಿಲ್ಲೋದೇ ಇಲ್ಲ ಮಾರಾಯ್ರೆ.

ನಡುಕ ಎಲ್ಲಿಂದ ಅಂತ ನೀವೇ ಪತ್ತೆ ಮಾಡಬಹುದು. ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ. ಒಂದು ಕೈ ಟೈರಿನ ಮೇಲೆ, ಇನ್ನೊಂದು ಕೆಳಗೆ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ (ಸಡಿಲ ಅಲ್ಲಾಟ) ಸಿಕ್ಕಿದರೆ, ಮಗನಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಈಗ ಆಟ ಹೋದರೆ ವೀಲ್ ಬೇರಿಂಗ್ ಸಡಿಲ. ಬ್ರೇಕ್ ಒತ್ತಿದರೂ ಆಟ ಹಾಗೇ ಇದ್ದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಪಿನ್ ಮೇಲೆ ಹೊರಳುತ್ತದೋ ಅದರ ಬೇರಿಂಗ್. ಬ್ರೇಕ್ ಹಿಡಿದಾಗ ಡ್ರಮ್ಮು ಬ್ಯಾಕ್ ಪ್ಲೇಟಿಗೆ ಕಚ್ಚಿಕೊಳ್ಳುತ್ತದೆ, ಅದಕ್ಕೇ ವೀಲ್ ಬೇರಿಂಗಿನ ಆಟ ಕಾಣೋದಿಲ್ಲ.

ವೀಲ್ ಬೇರಿಂಗ್ ಆದರೆ ಅರ್ಧ ದಿನದ ಮನೆಗೆಲಸ. ಹಬ್ ಬಿಚ್ಚಿ, ಹಳೇ ಗ್ರೀಸನ್ನು ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಗ್ರೀಸನ್ನು ಅಂಗೈಯಲ್ಲಿ ಇಟ್ಟುಕೊಂಡು ಬೇರಿಂಗಿನೊಳಗೆ ಒತ್ತಿ ಒತ್ತಿ ತುಂಬಬೇಕು. ಸುಮ್ನೆ ಮೇಲೆ ಸವರಿದರೆ ಪ್ರಯೋಜನ ಇಲ್ಲ. ಕಿಂಗ್‌ಪಿನ್ ಆದರೆ ಮೊದಲು ಮೇಲಿನ ಕ್ಯಾಪಿನ ಕೆಳಗೆ ತೆಳ್ಳಗಿನ ಶಿಮ್ (ತಗಡಿನ ಬಿಲ್ಲೆ) ಇರುತ್ತವೆ ನೋಡಿ. ಸವೆತ ಕಡಿಮೆ ಇದ್ದರೆ ಒಂದು ಶಿಮ್ ತೆಗೆದರೆ ಆಟ ಹೋಗುತ್ತದೆ. ಬೇರಿಂಗಿನ ಕಪ್ಪಿನಲ್ಲಿ (ಹೊರಬಳೆಯಲ್ಲಿ) ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಉಪಯೋಗ ಇಲ್ಲ, ಸೆಟ್ಟೇ ಬದಲಿಸಿ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಎಂಡ್‌ಗಳನ್ನೂ ನೋಡಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಲಿ, ನೀವು ಕೆಳಗೆ ಕೂತು ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟು ನೋಡಿ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಸ್ಟೀರಿಂಗ್ ಡ್ಯಾಂಪರ್ (ಅಲುಗಾಟ ಹೀರುವ ಶಾಕ್ ಅಬ್ಸಾರ್ಬರ್) ಹಾಕಿಸಿದರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಡುಕವನ್ನು ಮುಚ್ಚುತ್ತದೆ, ಸವೆತ ಹಾಗೇ ಮುಂದುವರಿಯುತ್ತದೆ.

ಜಾಕಿ ವಿಷಯ ಒಂದು. ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಹಿಂದಿನ ಡ್ರಮ್ಮಿಗೆ ಇರುತ್ತದೆ, ಚಕ್ರಕ್ಕೆ ಅಲ್ಲ. ಹಿಂದಿನ ಒಂದು ಚಕ್ರ ಎತ್ತಿದಿರೋ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಉರುಳಬಹುದು. ನೆಲದ ಮೇಲಿನ ಚಕ್ರ ಒಂದು ಕಡೆಗೆ, ಎತ್ತಿದ ಚಕ್ರ ಅದರ ಎದುರು ದಿಕ್ಕಿಗೆ ತಿರುಗಲು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗೇರು ಬಿಡುತ್ತದೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಚಾಸಿಸ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟ ಮೇಲೆಯೇ ಕೆಳಗೆ ನುಸುಳಿ. ಸಮತಟ್ಟು ಜಾಗ ಬೇಕಿದ್ದರೆ ಕಾಫಿ ಕಣ ಇದೆಯಲ್ಲ.

ಕಳಸದಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಎಂಜಿನ್ ಕೊನೆಗೆ ಅನ್ನೋದನ್ನು ನಾನು ಒಪ್ಪೋದಿಲ್ಲ. ನಮ್ಮ ಕಡೆ ಜಡಿಮಳೆಯಲ್ಲಿ, ಹಳ್ಳದ ಆಚೆ ಜೀಪು ನಿಂತರೆ ಯಾರನ್ನು ಕರೆಯೋದು?

ಪ್ಯೂಜೋ ಎಂಜಿನ್ನಿಗೆ, ಸ್ಟಾರ್ಟಿಗೆ ಮುಂಚೆ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಬೇಕೇ ಬೇಕು. ಆಮೇಲೆ ಬಂದ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ ಇಟ್ಟುಕೊಂಡವರು "ನಮ್ಮದಕ್ಕೆ ಹೀಟರ್ರೇ ಇಲ್ಲ, ನಿಮಗ್ಯಾಕೆ" ಅಂದರೆ ಕೇಳಬೇಡಿ. ಆ ಎಂಜಿನ್ನೇ ಬೇರೆ. ನಾಲ್ಕು ಪ್ಲಗ್ಗನ್ನೂ ಜೋಡಿಸುವ ಪಟ್ಟಿ ಬಿಚ್ಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ತುದಿ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿ. ಬಲ್ಬ್ ಹತ್ತದಿದ್ದರೆ ಆ ಪ್ಲಗ್ ಸತ್ತಿದೆ.

ಪ್ಲಗ್ ಸರಿ ಇದ್ದರೂ ಸತಾಯಿಸಿದರೆ ರಾತ್ರಿ ಹೊತ್ತು ಡೀಸೆಲ್ ಲೈನಿಗೆ ಏರ್ ಹಿಡಿಯುತ್ತಿದೆ. ಫಿಲ್ಟರಿಗೂ ಪಂಪಿಗೂ ನಡುವಿನ ಪೈಪಿನಲ್ಲಿ ಒಂದು ಗೇಣು ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಹಾಕಿ ನೋಡಿ. ಗುಳ್ಳೆ ಓಡಾಡೋದು ಕಣ್ಣಿಗೇ ಕಾಣುತ್ತದೆ. ಹೆಚ್ಚಿನ ಸಲ ತಪ್ಪು ಹಳೇ ತಾಮ್ರದ ವಾಷರಿನದು. ಫಿಲ್ಟರ್ ಬದಲಿಸಿದಾಗ ವಾಷರೂ ಹೊಸದು ಹಾಕಿ, ಫಿಲ್ಟರ್ ತಲೆಯ ಬೋಲ್ಟ್ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಹ್ಯಾಂಡ್ ಪಂಪ್ ಹೊಡೆದು, ಡೀಸೆಲ್ ಬರುತ್ತಿರುವಾಗಲೇ ಬಿಗಿ ಮಾಡಿ. ಎಂಜಿನ್ ಓಡುವಾಗ ಇಂಜೆಕ್ಟರ್ ಲೈನಿನ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಫಿಲ್ಟರ್ ಕೆಳಗಿನ ಸ್ಕ್ರೂ ಬಿಟ್ಟು ಆಗಾಗ ನೀರು ತೆಗೆಯಿರಿ.

ಇನ್ನು ಹಳ್ಳ ದಾಟುವವರಿಗೆ ವಿಂಚಿಗಿಂತ ಮೊದಲು ಬೇಕಾದ್ದು ಆಕ್ಸಲ್ ಹೌಸಿಂಗಿನ ಬ್ರೀದರ್, ಅಂದರೆ ಗಾಳಿ ಆಡುವ ತೂತು. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲ್ ಮೂಲಕವೇ ನೀರು ಒಳಗೆ ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ನೀರು ಹೋಗಿದೆ ಅಂತಲೇ ಲೆಕ್ಕ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ. ಈ ಜೀಪಿಗೆ ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇನ್ನೊಂದಿಲ್ಲ.

ಸೋಮವಾರಪೇಟೆಯಿಂದ

ಹೆಡ್‌ಲೈಟಿಗೆ ದೊಡ್ಡ ವ್ಯಾಟಿನ ಬಲ್ಬ್ ತರಬೇಡಿ. ಬಲ್ಬಿಗೆ ಕರೆಂಟೇ ಪೂರ್ತಿ ಬರುತ್ತಿಲ್ಲ. ಎರಡು 60 ವ್ಯಾಟ್ ಬಲ್ಬ್ ಅಂದರೆ 10 ಆಂಪಿಯರ್. ಅಷ್ಟೂ ಹಳೇ ಸ್ವಿಚ್ಚು, ಸಣ್ಣ ವೈರು ದಾಟಿ ಬರಬೇಕು. ಲೈಟ್ ಹಾಕಿ ಬ್ಯಾಟರಿ ಹತ್ತಿರ ಒಮ್ಮೆ, ಬಲ್ಬಿನ ಪಿನ್ ಹತ್ತಿರ ಒಮ್ಮೆ ಮೀಟರ್ ಹಿಡಿಯಿರಿ. ಎರಡರ ನಡುವೆ ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು) ಹಾಕಿ. ಹೈ, ಲೋ ಎರಡಕ್ಕೂ ಒಂದೊಂದು. 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ಚಿನ ವೈರು, 85 ಅರ್ಥಿಂಗ್. ಆಮೇಲೆ ಅದೇ ಬಲ್ಬ್ ಎಷ್ಟು ಬೆಳಗುತ್ತೆ ನೋಡಿ.

ಅರ್ಥಿಂಗನ್ನೂ ಬಿಡಬೇಡಿ. ಎಂಜಿನ್ ಕೂತಿರೋದು ರಬ್ಬರ್ ಮೇಲೆ. ಎಂಜಿನ್ನಿಂದ ಚಾಸಿಸ್ಸಿಗೆ ಹೋಗುವ ಪಟ್ಟಿ ಕಿತ್ತುಹೋಗಿದ್ದರೆ ಸೆಲ್ಫ್ ಹೊಡೆದಾಗ ಕರೆಂಟು ಕೇಬಲ್, ಲಿಂಕೇಜ್ ಹೀಗೆ ಸಿಕ್ಕ ದಾರಿ ಹಿಡಿಯುತ್ತದೆ. ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿ ಬದಲಿಸುವ ಮುಂಚೆ ಆ ಪಟ್ಟಿ ನೋಡಿ.

ಗೊಬ್ಬರ ಹೊರುತ್ತೀರಿ ಅಂದಿರಲ್ಲ. ಜೀಪಿನ ಬಾಡಿ ತಿನ್ನೋದು ಮಳೆ ಒಂದೇ ಅಲ್ಲ, ಪೊಟ್ಯಾಷ್ ಕೂಡ. ನಾವು ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕ್ಲೋರೈಡ್ ಉಪ್ಪು. ಚೀಲದಿಂದ ಉದುರಿದ್ದು ಮ್ಯಾಟಿನ ಕೆಳಗೆ ಸೇರಿ, ತೇವ ಹೀರಿ, ಒಳಗಿಂದಲೇ ತೂತು ಮಾಡುತ್ತದೆ. ಗೊಬ್ಬರದ ದಿನ ಮ್ಯಾಟ್ ತೆಗೆದು ಟಾರ್ಪಾಲ್ ಹಾಸಿ, ಸಂಜೆ ನೀರು ಬಿಡಿ. ಜೀಪಿನ ತಳಕ್ಕೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಚಾಸಿಸ್ಸಿಗೆ ಆಗಬಹುದು. ಆದರೆ ರಬ್ಬರ್ ಬುಷ್ ಉಬ್ಬುತ್ತದೆ, ಬ್ರೇಕ್ ಲೈನರಿಗೆ ತಾಗಿದರೆ ಬ್ರೇಕೇ ಹಿಡಿಯೋದಿಲ್ಲ. ನಾನಂತೂ ಹೊಡೆಯೋದಿಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬ್ರೇಕ್ ಒತ್ತಿ ನೋಡಿದೆ. ಬಲಗಡೆ ಆಟ ಹೋಯಿತು, ಎಡಗಡೆ ಹಾಗೇ ಇದೆ. ಅಂದರೆ ಎಡಗಡೆ ಕಿಂಗ್‌ಪಿನ್ ಅಲ್ವಾ? ಹೀಟರ್ ಎರಡು ಸತ್ತಿವೆ. ಸಾಮಾನು ಎಲ್ಲಿ ತರೋದು? ಪವರ್ ಸ್ಟೀರಿಂಗ್ ಹಾಕಿಸಬಹುದಾ?

ಬೆಂಗಳೂರಿನಿಂದ

ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಹಳೇ ಸಾಮಾನು ಜೊತೆಗೇ ತನ್ನಿ. ಬ್ರೇಕಿನ ವೀಲ್ ಸಿಲಿಂಡರ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಇವೆಲ್ಲ ಮಾಡೆಲಿನಿಂದ ಮಾಡೆಲಿಗೆ ಅಳತೆ ಬೇರೆ. ಗೇರ್‌ಬಾಕ್ಸ್ ಕೇಸಿಂಗ್‌ನಂಥ ಹಳೇ ಗಟ್ಟಿ ಸಾಮಾನಿಗೆ ಶಿವಾಜಿನಗರದ ಗುಜರಿ ಪರವಾಗಿಲ್ಲ. ಬ್ರೇಕ್ ರಬ್ಬರನ್ನು ಮಾತ್ರ ಗುಜರಿಯಿಂದ ತರಬೇಡಿ.

ಬೊಲೆರೊದ ಪವರ್ ಸ್ಟೀರಿಂಗ್ ಬಾಕ್ಸ್ ಕೂರಿಸಿಕೊಂಡವರು ಇದ್ದಾರೆ. ಬಾಕ್ಸ್ ಕೂರುವ ಜಾಗದಲ್ಲಿ ಚಾಸಿಸ್ ಬಿರುಕು ಬಿಟ್ಟಿದೆಯಾ ಅಂತ ಮೊದಲು ವೈರ್ ಬ್ರಷ್ ಹಾಕಿ ನೋಡಿ. ಅಲ್ಲಿ ಪ್ಲೇಟ್ ಕೊಟ್ಟು ಬಲಪಡಿಸುವ ವೆಲ್ಡಿಂಗ್ ಮನೆಯ ಕೆಲಸ ಅಲ್ಲ.

ಆರ್‌ಸಿ ನೋಡಿದಿರಾ? ಸ್ವಂತ ಬಳಕೆಯ ಗಾಡಿಗೆ 15 ವರ್ಷದ ಮೇಲೆ ಐದೈದು ವರ್ಷಕ್ಕೆ ನವೀಕರಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವ ಆಲೋಚನೆ ಇದ್ದರೆ ಮೊದಲೇ ಆರ್‌ಟಿಒ ಅನುಮತಿ ಬೇಕು. ಮುಂದೆ ಬುಲ್ ಬಾರ್ (ಬಂಪರ್ ಮುಂದಿನ ಕಬ್ಬಿಣದ ಕಂಬಿ) ಬೇಡ. ಅದರ ಮೇಲೆ ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರದಿಂದ ರಾಜ್ಯಗಳಿಗೆ ಪತ್ರ ಹೋಗಿದೆ.

ಸಕಲೇಶಪುರದಿಂದ, ಮತ್ತೆ

ಹೌದು, ಎಡಗಡೆ ಕಿಂಗ್‌ಪಿನ್. ಬಿಚ್ಚಿದಾಗ ಸ್ಟೀರಿಂಗ್ ನಕಲ್ಲಿನ (ಚಕ್ರ ಹೊರಳುವ ಕೀಲಿನ) ಆಯಿಲ್ ಸೀಲೂ ಬದಲಿಸಿಬಿಡಿ, ಮತ್ತೆ ಬಿಚ್ಚುವ ಗೋಳು ಬೇಡ. ಶಿಮ್ ಹೊಂದಿಸುವಾಗ ಸೀಲ್ ಮತ್ತು ಟೈ ರಾಡ್ ಹಾಕಿರಬಾರದು, ಇಲ್ಲದಿದ್ದರೆ ಬಿಗಿ ಎಷ್ಟು ಅಂತ ಕೈಗೆ ಗೊತ್ತಾಗೋದಿಲ್ಲ. ಬಲಗಡೆ ಬೇರಿಂಗ್ ಗ್ರೀಸ್ ತುಂಬಿ ಬಿಗಿ ಮಾಡಿ ಸಾಕು.

ಟೈರಿನ ವಿಷಯಕ್ಕೆ ಮಗನ ಜೊತೆ ಜಗಳ ಬೇಡ, ಕಾರಣ ಹೇಳಿ. ನಮ್ಮ ಕೆಸರಿನ ಕೆಳಗೆ ಸಾಮಾನ್ಯವಾಗಿ ಗಟ್ಟಿ ನೆಲ ಇರುತ್ತದೆ. 6.00-16ರಂಥ ಕಿರಿದಾದ ಟೈರು ಕೆಸರು ಸೀಳಿ ಆ ನೆಲ ಹಿಡಿಯುತ್ತದೆ. ಅಗಲದ್ದು ಮೇಲೇ ಜಾರುತ್ತದೆ, ಸ್ಟೀರಿಂಗೂ ಭಾರ, ಕಿಂಗ್‌ಪಿನ್ನೂ ಬೇಗ ಸವೆಯುತ್ತದೆ. ಯಾವುದೇ ಹಾಕಿ, ನಾಲ್ಕೂ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಲಿ. ಮುಂದೆ ಹೊಸದು, ಹಿಂದೆ ಬೋಳು ಹಾಕಿ ಫೋರ್ ವೀಲ್ ಎಳೆದರೆ ಟ್ರಾನ್ಸ್‌ಫರ್ ಕೇಸಿನೊಳಗೆ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಲಿವರ್ ವಾಪಸ್ ಬರೋದಿಲ್ಲ. ಹಾಗೆ ಸಿಕ್ಕಿಕೊಂಡರೆ ಲಿವರಿಗೆ ಗುದ್ದಬೇಡಿ. ನಾಲ್ಕು ಮಾರು ರಿವರ್ಸ್ ತಗೊಳ್ಳಿ, ತಾನೇ ಬಿಡುತ್ತದೆ.