ಪದಚರ್ಚೆ: ಸೈಕಲ್ಲಿನ ‘ಡ್ರಾಪ್‌ಔಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೌಂಟೇನ್ ಸೈಕಲ್ಲಿನ ಫ್ರೇಮ್ ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಒಂದೇ ಗೇರಿನ ಸೈಕಲ್ಲು, ಮತ್ತೆ ಗೇರೆಲ್ಲ ಹಿಂಚಕ್ರದ ಹಬ್ಬಿನ (ಚಕ್ರದ ನಡುಭಾಗದ) ಒಳಗೇ ಇರುವ ಸೈಕಲ್ಲು, ಈ ಎರಡರ ಬಗ್ಗೆ ಮಾತ್ರ. ಚೈನು, ಕಡ್ಡಿ, ರಿಮ್ಮು, ಬ್ರೇಕು ಎಲ್ಲಕ್ಕೂ ಅಂಗಡಿಯ ಮಾತೇ ಸಾಕಾಯಿತು. ತೊಡಕಾಗಿರುವುದು ‘ಡ್ರಾಪ್‌ಔಟ್’.

ಗೊತ್ತಿಲ್ಲದವರಿಗೆ: ಫ್ರೇಮಿನ ಹಿಂದಿನ ಕೊಳವೆಗಳು ಬಂದು ಸೇರುವ ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ದಪ್ಪ ತಗಡು ಇರುತ್ತದೆ. ಅದರಲ್ಲೊಂದು ಸೀಳು. ಆ ಸೀಳಿನಲ್ಲಿ ಚಕ್ರದ ಆಕ್ಸಲ್ ಕೂತು, ಎರಡೂ ಕಡೆ ನಟ್ಟು ಬಿಗಿಯುತ್ತಾರೆ. ಆ ಭಾಗವೇ ಡ್ರಾಪ್‌ಔಟ್. ಪೇಪರ್ ಓದುವವರಿಗೆ ಡ್ರಾಪ್‌ಔಟ್ ಅಂದರೆ ಶಾಲೆ ಬಿಟ್ಟ ಮಕ್ಕಳು. ಹಾಗಾಗಿ ಈ ಪದವನ್ನು ಸುಮ್ನೆ ಹಾಗೇ ಬಿಡಲು ಮನಸ್ಸಿಲ್ಲ.

ಮಾಮೂಲಿ ಗೇರ್ ಸೈಕಲ್ಲಿನಲ್ಲಿ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಇರುತ್ತದೆ. ಚೈನು ಎಷ್ಟು ಸಡಿಲವಾದರೂ ಅದರ ಸ್ಪ್ರಿಂಗ್ ಎಳೆದುಕೊಳ್ಳುತ್ತದೆ. ಅಲ್ಲಿ ಸೀಳಿನ ಬಾಯಿ ಕೆಳಕ್ಕಿದ್ದರೆ ಸಾಕು. ನಟ್ಟು ಸಡಿಲಿಸಿದರೆ ಚಕ್ರ ಕೆಳಗೆ ಬೀಳುತ್ತದೆ, ಇಂಗ್ಲಿಷ್ ಹೆಸರು ಹುಟ್ಟಿದ್ದೇ ಹಾಗೆ. ಒಂದೇ ಗೇರಿದ್ದಾಗ ಈ ಸ್ಪ್ರಿಂಗ್ ಇಲ್ಲ. ಚೈನ್ ಟೈಟ್ ಆಗಬೇಕಾದರೆ ಪೆಡಲ್ ತಿರುಗುವ ಆಕ್ಸಲ್ಲಿಗೂ ಹಿಂಚಕ್ರದ ಆಕ್ಸಲ್ಲಿಗೂ ಇರುವ ದೂರವೇ ಬದಲಾಗಬೇಕು.

ಎಷ್ಟು ಬದಲಾಗಬೇಕು ಅನ್ನುವುದಕ್ಕೆ ಸರಳ ಲೆಕ್ಕ ಇದೆ. ಚೈನಿನ ಒಂದು ಪಿನ್ನಿನಿಂದ ಇನ್ನೊಂದಕ್ಕೆ 12.7 ಮಿ.ಮೀ., ಅಂದರೆ ಅರ್ಧ ಇಂಚು. ಕೊಂಡಿಗಳು ಒಳಗೊಂದು ಹೊರಗೊಂದು ಜೋಡಿಯಾಗಿರುವುದರಿಂದ ಚೈನನ್ನು ಗಿಡ್ಡ ಮಾಡುವಾಗ ಒಂದು ಇಂಚನ್ನೇ ತೆಗೆಯಬೇಕು. ಆ ಒಂದು ಇಂಚು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಹಂಚಿಹೋಗುತ್ತದೆ, ಆದ್ದರಿಂದ ಆಕ್ಸಲ್ ಸರಿಯುವುದು ಅರ್ಧ ಇಂಚು. ಇದರ ಮೇಲೆ ಸವೆತ ಬೇರೆ. ನೂರು ಪಿನ್ನಿನ ಚೈನು ಮುಕ್ಕಾಲು ಪರ್ಸೆಂಟ್ ಉದ್ದವಾದರೆ ಆಕ್ಸಲ್ ಇನ್ನೂ ಸುಮಾರು 5 ಮಿ.ಮೀ. ಹಿಂದಕ್ಕೆ ಹೋಗಬೇಕು. ಫ್ರೇಮ್ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣ ಅಲ್ಲ, ಆಕ್ಸಲ್ ಎಷ್ಟು ಸರಿಯುತ್ತದೆ ಅನ್ನುವುದು. 18 ಮಿ.ಮೀ. ಸಿಕ್ಕರೆ ನೆಮ್ಮದಿ.

ಈಗ ಪದದ ಗೊಂದಲಕ್ಕೆ ಬರೋಣ. ಆಕ್ಸಲ್ ಸರಿಸಲು ಹಳೆಯ ದಾರಿ ಎಂದರೆ ಸೀಳನ್ನು ಹಿಂದಕ್ಕೆ ತೆರೆಯುವುದು. ನಮ್ಮ ಕಪ್ಪು ರೋಡ್‌ಸ್ಟರ್ ಸೈಕಲ್ಲುಗಳಲ್ಲಿ ಇರುವುದೂ ಇದೇ. ಆಕ್ಸಲ್ಲಿಗೆ ಒಂದು ಬಳೆ, ಅದಕ್ಕೆ ಹಿಂದಕ್ಕೆ ಚಾಚಿದ ತಿರುಪು, ತುದಿಯಲ್ಲೊಂದು ಸಣ್ಣ ನಟ್ಟು. ಅದನ್ನು ತಿರುಗಿಸಿದಷ್ಟೂ ಚಕ್ರ ಹಿಂದೆ ಸರಿಯುತ್ತದೆ. ಚೈನ್ ಅಡ್ಜಸ್ಟರ್ ಅಂದರೆ ಎಲ್ಲ ಅಂಗಡಿಯವರಿಗೂ ಗೊತ್ತು. ಆದರೆ ಇಲ್ಲಿ ಚಕ್ರ ‘ಬೀಳುವುದಿಲ್ಲ’, ಹಿಂದಕ್ಕೆ ಎಳೆಯಬೇಕು. ಅದಕ್ಕೇ ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್, 2008ರಲ್ಲಿ ತೀರಿಕೊಂಡವರು, ಇದನ್ನು ಡ್ರಾಪ್‌ಔಟ್ ಅನ್ನುವುದೇ ತಪ್ಪು, ‘ಫೋರ್ಕ್ ಎಂಡ್’ ಅನ್ನಿ ಎಂದು ಪಟ್ಟು ಹಿಡಿದಿದ್ದರು. ಇಂಗ್ಲಿಷಿನವರೇ ಒಪ್ಪದ ಪದವನ್ನು ನಾವೇಕೆ ಕಣ್ಣಿಗೊತ್ತಿಕೊಳ್ಳಬೇಕು, ಅಲ್ವಾ?

ನಾನು ಮೊದಲು ಯೋಚಿಸಿದ್ದು ‘ಅಚ್ಚುಗಚ್ಚು’. ಗಾಡಿಯ ಅಚ್ಚು, ಅದು ಕೂರುವ ಕಚ್ಚು. ಬಾಯಿಗೂ ಸಲೀಸು. ಆದರೆ ಊರಿನ ಗಾಡಿಗಳೇ ಹೋದ ಮೇಲೆ ಅಚ್ಚು ಅಂದರೆ ಬೆಲ್ಲದಚ್ಚು, ಅಚ್ಚುಕೂಟ. ಸೈಕಲ್ ಅಂಗಡಿಯಲ್ಲಿ ಯಾರೂ ಆಕ್ಸಲ್ಲನ್ನು ಅಚ್ಚು ಅನ್ನುವುದಿಲ್ಲ. ಹಾಗಾಗಿ ಈಗ ಬರೀ ‘ಕಚ್ಚು’ ಅಂತ ಇಟ್ಟುಕೊಂಡು, ಬಾಯಿ ಯಾವ ಕಡೆಗೆ ಅನ್ನುವುದನ್ನು ಹಿಂದೆ ಸೇರಿಸುತ್ತಿದ್ದೇನೆ: ಕೆಳಬಾಯಿ ಕಚ್ಚು, ಹಿಂಬಾಯಿ ಕಚ್ಚು. ಹಳೆಯ ರೇಸ್ ಸೈಕಲ್ಲುಗಳ ಹಾಗೆ ಮುಂದಕ್ಕೆ ತೆರೆದದ್ದಕ್ಕೆ ಮಾತ್ರ ‘ಮುಂಬಾಯಿ’ ಅನ್ನಲು ಹೋದರೆ ಓದುವವರು ನೇರ ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ‘ಮುಂದ್ಬಾಯಿ’ ಅನ್ನಬಹುದೇ?

ಬಾಯಿಯ ಲೆಕ್ಕ ಇಲ್ಲಿಗೆ ಮುಗಿಯುತ್ತಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ಡಿಸ್ಕ್ ಬ್ರೇಕ್ ಬಂದ ಮೇಲೆ ಹಿಂಬಾಯಿ ಕಚ್ಚಿನದ್ದೇ ಒಂದು ರಗಳೆ. ಚಕ್ರದ ಜೊತೆ ಡಿಸ್ಕ್ ಹಿಂದೆ ಸರಿಯುತ್ತದೆ, ಅದನ್ನು ಹಿಡಿಯುವ ಕ್ಯಾಲಿಪರ್ ಫ್ರೇಮಿಗೆ ಕಚ್ಚಿಕೊಂಡು ಅಲ್ಲೇ ಇರುತ್ತದೆ. ಚೈನ್ ಟೈಟ್ ಮಾಡಿದಾಗಲೆಲ್ಲ ಬ್ರೇಕನ್ನೂ ಸರಿಮಾಡಬೇಕು. ಇದಕ್ಕೆ ಉತ್ತರವಾಗಿ ಬಂದದ್ದು ಜಾರುವ ತಗಡು. ಕ್ಯಾಲಿಫೋರ್ನಿಯಾದ ಪ್ಯಾರಗಾನ್ ಮಷೀನ್ ವರ್ಕ್ಸ್ ಮಾಡುವ ಸ್ಲೈಡರ್‌ಗಳು ಫ್ರೇಮ್ ಕಟ್ಟುವವರ ನಡುವೆ ಹೆಸರುವಾಸಿ. ಆಕ್ಸಲ್ಲೂ ಕ್ಯಾಲಿಪರ್ರೂ ಒಂದೇ ತಗಡಿನ ಮೇಲೆ, ತಗಡೇ ಹಿಂದೆ ಮುಂದೆ ಜಾರುತ್ತದೆ. ಕಚ್ಚಿನ ಬಾಯಿ ಕೆಳಕ್ಕೇ ಇರುವುದರಿಂದ ಪಂಚರ್ ಆದಾಗ ಚಕ್ರ ತೆಗೆಯುವುದೂ ಸುಲಭ. ಇದೇ ಕೆಲಸವನ್ನು ತಗಡು ಒಂದು ಬೋಲ್ಟಿನ ಸುತ್ತ ತಿರುಗಿ ಮಾಡಿದರೆ ಅದು ರಾಕರ್. ನನ್ನ ದುಡ್ಡಾದರೆ ಇವೆರಡರಲ್ಲಿ ಒಂದಕ್ಕೇ ಹಾಕುತ್ತೇನೆ.

ಪೆಡಲ್ ತಿರುಗುವ ಆಕ್ಸಲ್ಲನ್ನೇ ನಡುವಿನಿಂದ ಸ್ವಲ್ಪ ಆಚೆಗೆ ಕೂರಿಸಿ, ಆ ಗೂಡನ್ನು ತಿರುಗಿಸಿ ಹಿಂದೆ ಮುಂದೆ ಮಾಡುವ ಎಕ್ಸೆಂಟ್ರಿಕ್ ಬಿ.ಬಿ. (ಬಾಟಮ್ ಬ್ರಾಕೆಟ್) ಇನ್ನೊಂದು ದಾರಿ. ಬ್ರೇಕಿಗೆ ಏನೂ ಆಗುವುದಿಲ್ಲ. ಮಣ್ಣು ಹೊಕ್ಕರೆ ಕಿರ್ ಕಿರ್ ಅನ್ನುತ್ತದೆ, ಸೀಟಿನ ಎತ್ತರ ಮತ್ತೆ ನೋಡಿಕೊಳ್ಳಬೇಕು. ಅಲ್ಲಿ ನಮ್ಮ ಪದಕ್ಕೆ ಕೆಲಸವಿಲ್ಲ, ಬಿಡಿ.

ಹಬ್ ಗೇರಿನದ್ದು ಬೇರೆಯೇ ಕಥೆ. ಜರ್ಮನಿಯ ರೋಲಾಫ್ ಕಂಪನಿಯ ಸ್ಪೀಡ್‌ಹಬ್ 1998ರಲ್ಲಿ ಬಂತು. 14 ಗೇರು, ಎಲ್ಲ ಹಬ್ಬಿನೊಳಗೆ. ಏರು ಹತ್ತುವಾಗ ಹಬ್ಬು ಚಕ್ರವನ್ನು ಜೋರಾಗಿ ಮುಂದಕ್ಕೆ ತಿರುಗಿಸುತ್ತದೆ, ಆಗ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಒಂದೋ ಕಚ್ಚೇ ಉದ್ದವಾಗಿರಬೇಕು, ಆಕ್ಸಲ್ಲಿನ ತಟ್ಟೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಇಲ್ಲವೇ ಆಕ್ಸಲ್ಲಿನಿಂದ ಫ್ರೇಮಿಗೆ ಉದ್ದನೆ ಪಟ್ಟಿ ಕಟ್ಟಬೇಕು. ಶಿಮಾನೋ ಕಂಪನಿಯ ಗೇರ್ ಹಬ್ಬುಗಳಲ್ಲಿ ಆಕ್ಸಲ್ ತಿರುಗದಂತೆ ಹಿಡಿಯುವ ವಾಷರುಗಳಿವೆ. ಕಚ್ಚಿನ ಬಾಯಿ ಯಾವ ಕಡೆಗಿದೆ ಅನ್ನುವುದರ ಮೇಲೆ ಬೇರೆ ಬೇರೆ ಬಣ್ಣದ ವಾಷರು, ಎಡಕ್ಕೊಂದು ಬಲಕ್ಕೊಂದು. ಅಂದರೆ ಹೆಸರಿನಲ್ಲಿ ಬಾಯಿಯ ದಿಕ್ಕು ಇರುವುದು ಬರೀ ಪದದ ಚಂದಕ್ಕಲ್ಲ. ಅಂಗಡಿಯಲ್ಲಿ ಸರಿಯಾದ ವಾಷರ್ ಕೇಳಲೂ ಬೇಕು.

ನನ್ನ ಪ್ರಶ್ನೆಗಳು ಇವು. ಬಡಗಿಗಳು, ಕಮ್ಮಾರರು ಒಂದು ಕಡೆ ಬಾಯಿ ತೆರೆದ ಸೀಳಿಗೆ ನಿಮ್ಮ ಕಡೆ ಏನನ್ನುತ್ತಾರೆ? ಕಚ್ಚು ಅಂದರೆ ಬರೀ ಗಾಯದ ಗುರುತು ಅನ್ನಿಸುತ್ತದೆಯೇ? ಹುಬ್ಬಳ್ಳಿ, ಕಲಬುರಗಿ ಕಡೆಯ ಸೈಕಲ್ ಅಂಗಡಿಗಳಲ್ಲಿ ಈ ಭಾಗಕ್ಕೆ ಬೇರೆ ಹೆಸರು ಕೇಳಿದ್ದೀರಾ? ಮತ್ತೆ ಸ್ಲೈಡರ್‌ಗೆ ‘ಜಾರುಕಚ್ಚು’ ಅಂತ ಬರೆದಿದ್ದೇನೆ, ರಾಕರ್‌ಗೆ ಇನ್ನೂ ಏನೂ ಹೊಳೆದಿಲ್ಲ. ‘ತೂಗುಕಚ್ಚು’ ಅಂದರೆ ನೇತಾಡುವ ಹಾಗೆ ಕೇಳಿಸುತ್ತದೆ, ಬೋಲ್ಟ್ ಬಿಗಿದ ಮೇಲೆ ಅದು ಅಲ್ಲಾಡುವುದೇ ಇಲ್ಲ.