ಗಿಟಾರ್ ‘ಕೆಟ್ಟಿದೆ’ಯೋ, ‘ಹದಗೆಟ್ಟಿದೆ’ಯೋ?

ಎಲ್ಲರಿಗೂ ಶರಣು.

ಕಲಬುರಗಿಯಿಂದ ಬರೆಯುತ್ತಿದ್ದೇನೆ. ‘ಹದಗೆಡು’ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ವಸ್ತು ಚೆನ್ನಾಗಿಯೇ ಇದೆ, ಅದರ ಹದ ಮಾತ್ರ ತಪ್ಪಿದೆ, ಅನ್ನುವ ಅರ್ಥದಲ್ಲಿ ಈ ಪದವನ್ನು ಇವತ್ತು ಬರೆದರೆ ಓದಿದವರಿಗೆ ಹಾಗೇ ತಿಳಿಯುತ್ತದೆಯೇ? ಅಥವಾ ‘ಹದಗೆಟ್ಟ ರಸ್ತೆ’, ‘ಹದಗೆಟ್ಟ ಆರೋಗ್ಯ’ ಅಂತ ದಿನಾ ಪೇಪರಿನಲ್ಲಿ ಓದಿ ಓದಿ, ‘ಪೂರ್ತಿ ಹಾಳಾಗಿದೆ’ ಅಂತಲೇ ಅನ್ನಿಸುತ್ತದೆಯೇ?

ಕೇಳುವುದಕ್ಕೆ ಕಾರಣ ಒಂದು ಗಿಟಾರ್.

ನಮ್ಮ ಅಕ್ಕನ ಮಗ ಜನವರಿಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡ. ಸೆಕೆಂಡ್ ಹ್ಯಾಂಡ್. ಹೆಸರಾಂತ ವಾದಕರೊಬ್ಬರ ಸಿಗ್ನೇಚರ್ ಮಾಡೆಲ್, ಅಂದರೆ ಅವರ ಹೆಸರಲ್ಲಿ ಕಂಪನಿ ತಂದದ್ದು. ಎರಡು ವರ್ಷ ಕೂಡಿಟ್ಟ ದುಡ್ಡು ಅದು. ಮೂರು ತಿಂಗಳು ಚೆನ್ನಾಗಿಯೇ ನುಡಿಸಿದ. ಯುಗಾದಿ ಕಳೆದು ನಮ್ಮೂರ ಬಿಸಿಲು 40 ಡಿಗ್ರಿ ದಾಟಿತು ನೋಡಿ, ಒಂದು ದಿನ ಫೋನ್ ಮಾಡಿದ. ‘ಮಾಮಾ, ಗಿಟಾರ್ ಕೆಟ್ಟದ.’ ಏನಾಗ್ಯಾದ ಅಂದೆ. ‘ಸಪ್ಪಳ ಸರಿ ಬರವಲ್ದು’ ಅಂದ. ಅಷ್ಟೇ. ನಾನು ಆಗ ಊರಲ್ಲಿರಲಿಲ್ಲ. ಅವನು ಅದನ್ನು ಬೇರೆ ಊರಿನ ಒಂದು ಅಂಗಡಿಗೆ ಕಳಿಸಿದ, ಅಲ್ಲಿಯೂ ಅದೇ ಮಾತು ಹೇಳಿದ. ಸಪ್ಪಳ ಸರಿ ಇಲ್ಲ. ಅವರು ಪಿಕಪ್ ಬದಲಿಸಿ ಕಳಿಸಿದರು. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂತಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ, ತಂತಿಯ ಅದುರಾಟವನ್ನು ಕರೆಂಟಾಗಿ ಮಾಡುವುದು ಅದೇ. ದುಡ್ಡು ಹೋಯಿತು, ಗಿಟಾರಿನ ಜೊತೆ ಬಂದಿದ್ದ ಮೂಲ ಪಿಕಪ್ಪೂ ಹೋಯಿತು, ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ಊರಿಗೆ ಬಂದು ನೋಡಿದೆ. ಮೊದಲ ನಾಲ್ಕು ಮೆಟ್ಟುಗಳಲ್ಲಿ (ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂತಿರುವ ಲೋಹದ ಪಟ್ಟಿಗಳು, ಫ್ರೆಟ್) ನುಡಿಸಿದರೆ ‘ಝರ್’ ಅನ್ನುತ್ತಿತ್ತು, ಮೇಲಕ್ಕೆ ಹೋದರೆ ದನಿ ಸ್ವಚ್ಛ. ಕುತ್ತಿಗೆಯ ಅಂಚಿಗೆ ಕೈ ಸವರಿದರೆ ಮೆಟ್ಟುಗಳ ತುದಿ ಚುಚ್ಚುತ್ತಿತ್ತು. ಪಕ್ಕದ ಮನೆಯ ಬಡಿಗೇರ ಕಾಕಾ ಅದನ್ನು ತಗೊಂಡು, ಹಲಗೆ ಆರಿಸುವಾಗ ನೋಡುತ್ತಾರಲ್ಲ ಹಾಗೆ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ ‘ಉಲ್ಟಾ ಕಮಾನ ಬಿದ್ದದ’ ಅಂದರು. ಗಿಟಾರ್ ಎಂದೂ ಮುಟ್ಟದ ಮನುಷ್ಯ. ಸರಿಯಾಗಿ ಅದೇ ಆಗಿತ್ತು. ಒಣ ಹವೆಗೆ ಮರ ಕುಗ್ಗುತ್ತದೆ, ಲೋಹದ ಮೆಟ್ಟು ಕುಗ್ಗುವುದಿಲ್ಲ, ಅದಕ್ಕೇ ತುದಿಗಳು ಹೊರಗೆ ಬರುತ್ತವೆ. ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ತಂತಿ ಮೊದಲ ಮೆಟ್ಟುಗಳಿಗೆ ತಾಗುತ್ತದೆ. ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳನ್ನು ಕಾಲು ಸುತ್ತು ಸಡಿಲ ಮಾಡಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಝರ್ ಇರಲಿಲ್ಲ. ತುದಿಗಳನ್ನು ಸಣ್ಣ ಅರದಿಂದ ಉಜ್ಜಿದೆವು.

ಅಂದರೆ ಅದು ಕೆಟ್ಟಿರಲಿಲ್ಲ. ಹದಗೆಟ್ಟಿತ್ತು.

ಗಿಟಾರಿನ ಈ ಹದಕ್ಕೆ ಇಂಗ್ಲಿಷಿನವರು ಸೆಟಪ್ ಅನ್ನುತ್ತಾರೆ. ತಂತಿಯ ಎತ್ತರ, ಕುತ್ತಿಗೆಯ ಬಾಗು, ಕುದುರೆಯ (ಬುಡದಲ್ಲಿ ತಂತಿಗಳನ್ನು ಹೊರುವ ಬ್ರಿಡ್ಜ್) ಜಾಗ, ಪಿಕಪ್ಪಿನ ಎತ್ತರ, ಎಲ್ಲ ಸೇರಿ. ‘ಜೋಡಣೆ’ ಅನ್ನೋಣವೇ ಅಂದರೆ ಅದು ಬಿಡಿಭಾಗ ಕೂಡಿಸುವ ಮಾತು. ‘ಹೊಂದಾಣಿಕೆ’ ಗಂಡ ಹೆಂಡಿರ ಮಾತಾಯಿತು. ನನಗೆ ‘ಹದ’ವೇ ಸರಿ ಅನ್ನಿಸಿದ್ದು ಯಾಕೆಂದರೆ ಹದಕ್ಕೂ ಹವೆಗೂ ನೆಂಟಸ್ತಿಕೆ ಇದೆ. ಮಳೆ ಬಿದ್ದು ಎರೆ ಹೊಲಕ್ಕೆ ಹದ ಬಂದರೆ ತೊಗರಿ ಬಿತ್ತುತ್ತಾರೆ, ನಾಲ್ಕು ದಿನ ಬಿಸಿಲು ಹೊಡೆದರೆ ಆ ಹದ ಹೋಗುತ್ತದೆ, ಹೊಲವೇನೂ ಕೆಡುವುದಿಲ್ಲ. ರೊಟ್ಟಿ ಹಿಟ್ಟಿಗೂ ಹಾಗೇ. ಕುದಿಯುವ ನೀರು ಎಷ್ಟು, ನಾದುವುದು ಎಷ್ಟು ಅನ್ನುವುದು ಹಿಟ್ಟಿನಿಂದ ಹಿಟ್ಟಿಗೆ ಬದಲು, ಕೈಗೇ ಗೊತ್ತಾಗಬೇಕು. ಗಿಟಾರಿನ ಸೆಟಪ್ಪೂ ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ. ಏಪ್ರಿಲ್‌ನಲ್ಲಿ ಹಿಂದೆ ಬಾಗಿದ್ದು ಮಳೆಗಾಲದ ತೇವಕ್ಕೆ ಮುಂದೆ ಬಾಗುತ್ತದೆ, ಆಗ ತಂತಿ ಎತ್ತರವಾಗಿ ಬೆರಳು ನೋಯುತ್ತದೆ.

ಅಳತೆ ಇಲ್ಲವೆಂದಲ್ಲ. ಮೊದಲ ಮೆಟ್ಟು ಮತ್ತು ಕೊನೆಯ ಮೆಟ್ಟಿನಲ್ಲಿ ತಂತಿ ಒತ್ತಿ ಹಿಡಿದರೆ ನಡುವೆ, 8ನೇ ಮೆಟ್ಟಿನ ಹತ್ತಿರ, ಸುಮಾರು 0.25 ಮಿಲಿಮೀಟರ್ ಸಂದು ಇರಬೇಕು. 17ನೇ ಮೆಟ್ಟಿನ ಮೇಲೆ ತಂತಿ ಹೆಚ್ಚುಕಡಿಮೆ 1.6 ಮಿಲಿಮೀಟರ್ ಎತ್ತರ. ಇದು ಶುರುವಿನ ಅಳತೆ ಮಾತ್ರ, ಅಲ್ಲಿಂದ ಮುಂದೆ ನುಡಿಸುವವರ ಕೈ ಹೇಳಿದಂತೆ.

ಈಗ ಇನ್ನೆರಡು ಪದ. ಅವೂ ಇದರ ಜೊತೆಗೇ ಬರಬೇಕು, ಯಾಕೆಂದರೆ ಮೂರನ್ನೂ ಒಂದೇ ‘ಸರಿ ಇಲ್ಲ’ದಲ್ಲಿ ತುಂಬಿದ್ದರಿಂದಲೇ ನಮ್ಮ ಹುಡುಗ ದುಡ್ಡು ಕಳೆದುಕೊಂಡ.

ಒಂದು, ಫೀಲ್. ಇದಕ್ಕೆ ‘ಸ್ಪರ್ಶ’, ‘ಅನುಭೂತಿ’ ಅಂತೆಲ್ಲ ಬರೆದದ್ದನ್ನು ನೋಡಿದ್ದೇನೆ. ಯಾರೂ ಹಾಗೆ ಮಾತಾಡುವುದಿಲ್ಲ. ‘ನನ್ನ ಕೈಗೆ ಒಗ್ಗಲಿಲ್ಲ’ ಅನ್ನುತ್ತೇವೆ, ಅಲ್ವಾ? ಒಗ್ಗು. ಈ ಪದದ ಗುಣವೆಂದರೆ ತಪ್ಪನ್ನು ಯಾರ ಮೇಲೂ ಹೊರಿಸುವುದಿಲ್ಲ. ನೀರು ಒಗ್ಗಲಿಲ್ಲ ಅಂದರೆ ನೀರು ಕೆಟ್ಟದ್ದು ಅಂತಲ್ಲ. ಸಿಗ್ನೇಚರ್ ಗಿಟಾರಿಗೆ ಇದು ಬಹಳ ಮುಖ್ಯ. ಈ ‘ಸಿಗ್ನೇಚರ್’ ಅನ್ನುವುದನ್ನು ‘ಸಹಿ ಗಿಟಾರ್’ ಅಂತ ಮಾಡಿದರೆ ಅವರೇ ಕೂತು ಸಹಿ ಹಾಕಿದ್ದು ಅನ್ನಿಸುತ್ತದೆ. ನಿಜಕ್ಕೂ ಅದು ಒಬ್ಬ ವಾದಕರ ಕೈಯಳತೆಗೆ ಮಾಡಿದ ಗಿಟಾರ್, ಟೇಲರ್ ಒಬ್ಬರ ಅಳತೆಗೆ ಹೊಲಿದ ಅಂಗಿಯ ಹಾಗೆ. ‘ಕೈಯಳತೆಯ ಗಿಟಾರ್’ ಅಂದರೆ ಹೇಗೆ?

ಉದಾಹರಣೆ ಕೊಡುತ್ತೇನೆ. ಫೆಂಡರ್ ಕಂಪನಿ ವಾದಕರ ಹೆಸರಲ್ಲಿ ಮೊದಲು ತಂದ ಗಿಟಾರ್ 1988ರ ಎರಿಕ್ ಕ್ಲಾಪ್ಟನ್ ಮಾಡೆಲ್. ಅದರ ಕುತ್ತಿಗೆಯ ಹಿಂಬದಿ ದುಂಡಗಿಲ್ಲ, ಮೆಲುವಾದ ಏಣು ಇದೆ, ಅವರಿಗೆ ಅದೇ ಬೇಕು. ಇಂಗ್ವೆ ಮಾಲ್ಮ್‌ಸ್ಟೀನ್ ಮಾಡೆಲ್‌ನಲ್ಲಿ ಮೆಟ್ಟು ಮೆಟ್ಟಿನ ನಡುವಿನ ಮರವನ್ನು ಬಟ್ಟಲಿನಂತೆ ಕೊರೆದಿರುತ್ತಾರೆ. ಬೆರಳು ಮರಕ್ಕೆ ತಾಗುವುದೇ ಇಲ್ಲ, ತಂತಿಗೆ ಮಾತ್ರ. ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಏರಿಬಿಡುತ್ತದೆ. ವೀಣೆ ನುಡಿಸುವವರಿಗೆ ಇದು ಹೊಸದಲ್ಲ, ಅಲ್ಲಿ ಮೆಟ್ಟುಗಳು ಎತ್ತರವಿದ್ದು ಬೆರಳು ಕೆಳಗಿನ ಮೇಣಕ್ಕಾಗಲಿ ಮರಕ್ಕಾಗಲಿ ಮುಟ್ಟುವುದಿಲ್ಲ. ಸಾದಾ ಗಿಟಾರ್ ಕಲಿತ ಹುಡುಗ ಇದನ್ನು ಹಿಡಿದು ‘ಶ್ರುತಿ ನಿಲ್ಲವಲ್ದು, ಗಿಟಾರ್ ಕೆಟ್ಟದ’ ಅಂದರೆ ಅದು ತಪ್ಪು ಮಾತು. ಅವನ ಕೈಗೆ ಇನ್ನೂ ಒಗ್ಗಿಲ್ಲ.

ಇನ್ನೊಂದು, ಟೋನ್. ಇಲ್ಲಿ ‘ನಾದ’ ಬೇಡ ಅಂತ ನನ್ನ ಅಭಿಪ್ರಾಯ. ನಾದ ಅಂದ ಕೂಡಲೇ ಕೈಮುಗಿಯುವ ಭಾವ ಬರುತ್ತದೆ. ‘ದನಿ’ ಸಾಕು. ನಮ್ಮ ಕಡೆ ದನಿಗೆ ಎಷ್ಟು ಒಳ್ಳೆಯ ಗುಣಪದಗಳಿವೆ ನೋಡಿ. ಬರೀ ಮೇಲಿನ ಸ್ವರವೇ ಚುಚ್ಚುವಂತಿದ್ದರೆ ‘ತಗಡು ಸಪ್ಪಳ’. ತಂತಿ ಹಳತಾಗಿ ಹೊಳಪು ಹೋದರೆ ‘ಸಪ್ಪೆ’. ಕಂಬಳಿ ಹೊದಿಸಿದ ಹಾಗಿದ್ದರೆ ‘ಮಂದ’. ಸಪ್ಪೆಗೆ ಮದ್ದು ಹೊಸ ತಂತಿ, ಮಂದಕ್ಕೆ ಟೋನ್ ತಿರುಪು ತಿರುಗಿಸಿ ನೋಡಬೇಕು, ಪಿಕಪ್ ನೋಡಬೇಕು.

ಬೇಡದ ಸದ್ದುಗಳ ಹೆಸರಲ್ಲಂತೂ ಕನ್ನಡ ಬಹಳ ಶ್ರೀಮಂತ. ‘ಗುಂಯ್’ ಅಂದರೆ ಕರೆಂಟಿನದು. ಒಂದೇ ಸುರುಳಿಯ ಪಿಕಪ್ ಮನೆಯ 50 ಹರ್ಟ್ಸ್ ಕರೆಂಟಿನ ಗುಂಗನ್ನು ಹಿಡಿಯುತ್ತದೆ, ತಂತಿ ಮುಟ್ಟಿದರೆ ಕಡಿಮೆಯಾಗುತ್ತದೆ, ಹಳೇ ಮನೆಗಳಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಜಾಸ್ತಿ. ‘ಕರಕರ’ ಅಂದರೆ ತಿರುಪಿನೊಳಗೆ ಧೂಳು. ಶ್ರುತಿ ಮಾಡುವಾಗ ‘ಟಿಂಗ್’ ಅಂತ ಸಿಡಿದರೆ ತಲೆಯ ಹತ್ತಿರ ತಂತಿ ಕೂರುವ ಸಣ್ಣ ಕಚ್ಚಿನಲ್ಲಿ ಅದು ಸಿಕ್ಕಿಕೊಳ್ಳುತ್ತಿದೆ. ‘ಝರ್’ ಅಂದರೆ ಮೆಟ್ಟಿಗೆ ತಾಗುತ್ತಿದೆ. ನಮ್ಮ ಹುಡುಗ ಫೋನಿನಲ್ಲಿ ‘ಝರ್ ಅಂತದ’ ಅಂದಿದ್ದರೂ ಸಾಕಿತ್ತು, ಪಿಕಪ್ ಉಳಿಯುತ್ತಿತ್ತು. ಈ ಸದ್ದಿನ ಪದಗಳನ್ನು ಬರೆಯುವಾಗ ಯಾಕೋ ನಾವು ಸಂಕೋಚ ಪಡುತ್ತೇವೆ, ‘ಅನಪೇಕ್ಷಿತ ಕಂಪನ’ ಅಂತ ಬರೆಯುತ್ತೇವೆ. ನನಗಿದು ಬೇಸರದ ಸಂಗತಿ.

ಈ ಝರ್‌ಗೆ ಇನ್ನೊಂದು ಹೆಸರು ಬಂದದ್ದು ನಮ್ಮ ಗಲ್ಲಿಯ ಹಿರಿಯರಿಂದ. ಸಿತಾರ್ ನುಡಿಸುತ್ತಾರೆ, ಎಲ್ಲರೂ ಉಸ್ತಾದ್ರು ಅಂತಲೇ ಕರೆಯುತ್ತೇವೆ. ಮೆಟ್ಟಿಗೆ ಅವರು ಅನ್ನುವುದು ‘ಪರದಾ’. ಬಾಗಿಲಿಗೆ ಹಾಕುವ ನಮ್ಮ ಪರದೆಯೂ ಅದೇ ಫಾರಸಿ ಪದ. ಗಿಟಾರ್ ಕೇಳಿ ಅವರು ‘ಇದಕ್ಕ ಜವಾರಿ ಭಾಳ ಆಗ್ಯಾದ’ ಅಂದರು. ನಾನು ಒಂದು ಕ್ಷಣ ಸುಮ್ಮನಾದೆ. ನಮಗೆ ಜವಾರಿ ಅಂದರೆ ಜವಾರಿ ಬದನೆಕಾಯಿ, ಜವಾರಿ ಕೋಳಿ. ಅವರು ಹೇಳಿದ್ದು ಸಿತಾರಿನ ಜವಾರಿ. ಸಿತಾರ್, ತಂಬೂರಿಯ ಕುದುರೆ ಅಗಲವಾಗಿ ಸ್ವಲ್ಪ ಇಳಿಜಾರಾಗಿರುತ್ತದೆ, ತಂತಿ ಅದುರುವಾಗ ಅದನ್ನು ಸವರಿಕೊಂಡು ಹೋಗುತ್ತದೆ, ಅದರಿಂದಲೇ ಆ ತುಂಬಿದ ಝೇಂಕಾರ. ತಂಬೂರಿಯಲ್ಲಿ ತಂತಿಯ ಕೆಳಗೆ ಒಂದು ದಾರ ಸರಿಸಿ ಇದನ್ನು ಹದಕ್ಕೆ ತರುತ್ತಾರೆ, ಆ ದಾರಕ್ಕೆ ಹೆಸರೇ ಜೀವ. ಸಿತಾರ್ ವಾದಕರಲ್ಲಿ ರವಿಶಂಕರ್ ಅವರದು ಝೇಂಕಾರ ಹೆಚ್ಚಿರುವ ತೆರೆದ ಜವಾರಿ, ವಿಲಾಯತ್ ಖಾನ್ ಅವರದು ಝೇಂಕಾರ ಕಡಿಮೆಯಿರುವ ಮುಚ್ಚಿದ ಜವಾರಿ, ಎರಡು ನಿಮಿಷ ಕೇಳಿದರೆ ಗೊತ್ತಾಗುತ್ತದೆ.

ಉಸ್ತಾದ್ರ ಮಾತಿನಲ್ಲಿ ನ್ಯಾಯವಿದೆ. ಎರಡೂ ಕಡೆ ಆಗುವುದು ಒಂದೇ, ಅದುರುವ ತಂತಿ ಏನನ್ನೋ ಸವರುತ್ತದೆ. ಆದರೂ ಗಿಟಾರಿನ ಝರ್‌ಗೆ ಜವಾರಿ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅಲ್ಲಿ ಅದು ಬೇಕೆಂದು ತಂದದ್ದು, ನಾಜೂಕಾಗಿ ಉಜ್ಜಿ ಪಡೆದದ್ದು. ಇಲ್ಲಿ ಅದು ಬೇಡದೆ ಬಂದದ್ದು. ಹೊಗಳಿಕೆಗೂ ದೂರಿಗೂ ಒಂದೇ ಪದವಾದರೆ ಮತ್ತೆ ಯಾರೋ ಪಿಕಪ್ ಬದಲಿಸುತ್ತಾರೆ.

ತಪ್ಪು ಹೆಸರು ಒಮ್ಮೆ ಕೂತರೆ ಏಳುವುದಿಲ್ಲ ಅನ್ನುವುದಕ್ಕೆ ಗಿಟಾರಿನಲ್ಲೇ ಸಾಕ್ಷಿ ಇದೆ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರ್ ಬಂದಾಗ, ಕುದುರೆಗೆ ಸಿಕ್ಕಿಸಿದ ಹಿಡಿಕೆಗೆ ಫೆಂಡರ್‌ನವರು ‘ಟ್ರೆಮೊಲೊ’ ಅಂತ ಹೆಸರಿಟ್ಟರು. ಅದು ಮಾಡುವುದು ಸ್ವರವನ್ನು ಏರಿಳಿಸುವ ಕೆಲಸ, ಅದರ ಹೆಸರು ವೈಬ್ರಾಟೊ. ಟ್ರೆಮೊಲೊ ಅಂದರೆ ದನಿ ಜೋರು ಮೆಲ್ಲಗೆ ಆಗುವುದು. 70 ವರ್ಷವಾಯಿತು, ಜಗತ್ತೆಲ್ಲ ಈಗಲೂ ಅದನ್ನೇ ಅನ್ನುತ್ತದೆ. ನಮ್ಮ ಹುಡುಗರು ಅದಕ್ಕೆ ‘ಹ್ಯಾಂಡಲ್’ ಅನ್ನುತ್ತಾರೆ. ಅದೇ ಇರಲಿ ಬಿಡಿ.

ಒಂದು ಪದ ಮಾತ್ರ ನನಗೆ ಸಿಕ್ಕಿಲ್ಲ, ನೀವೇ ಕೊಡಬೇಕು. ಕೆಲವು ಗಿಟಾರುಗಳಲ್ಲಿ ಮೆಟ್ಟಿನ ಹಲಗೆ ಅಡ್ಡಕ್ಕೆ ಜಾಸ್ತಿ ದುಂಡಗಿರುತ್ತದೆ. ವಾದಕ ಜಾನ್ ಮೇಯರ್ ಅವರ ಹೆಸರಿನ 2018ರ ಸಿಲ್ವರ್ ಸ್ಕೈ ಗಿಟಾರಿನಲ್ಲಿ ಈ ದುಂಡಿನ ತ್ರಿಜ್ಯ 7.25 ಇಂಚು, ಹಳೇ ಫೆಂಡರ್‌ಗಳಂತೆ. ಸ್ವರಗುಚ್ಛ (ಕಾರ್ಡ್) ಹಿಡಿಯುವುದಕ್ಕೆ ಕೈಗೆ ಬಹಳ ಹಿತ. ಆದರೆ ಇಂಥ ಹಲಗೆಯ ಮೇಲೆ ತಂತಿಯನ್ನು ತೀರಾ ಕೆಳಗೆ ಇಳಿಸಿದರೆ, ಮೇಲಿನ ಮೆಟ್ಟುಗಳಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದಾಗ ಅದು ಹಲಗೆಯ ನಡುವಿನ ಉಬ್ಬಿಗೆ ಬಂದು ಮುಂದಿನ ಮೆಟ್ಟಿಗೆ ತಾಗಿ ಸ್ವರ ಅಲ್ಲೇ ನಿಂತುಬಿಡುತ್ತದೆ. ಇದು ಝರ್ ಅಲ್ಲ, ಸದ್ದೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಚೋಕ್ ಅನ್ನುತ್ತಾರೆ. ‘ಸ್ವರ ಸಾಯುತ್ತದೆ’ ಅನ್ನೋಣವೆಂದರೆ, ಕುತ್ತಿಗೆಯ ಮರವೇ ಒಂದು ಸ್ವರವನ್ನು ಹೀರಿಕೊಂಡು ಬೇಗ ಅಡಗಿಸುವ ಜಾಗವೊಂದು ಇರುತ್ತದೆ, ‘ಸತ್ತ ಜಾಗ’ ಎಂಬ ಹೆಸರು ಅದಕ್ಕೆ ಬೇಕು. ಆ ಸತ್ತ ಜಾಗ ಗಿಟಾರಿನ ಹುಟ್ಟುಗುಣ, ಈ ಚೋಕ್ ಬರೀ ಹದದ ತಪ್ಪು, ತಂತಿ ಸ್ವಲ್ಪ ಎತ್ತಿದರೆ ಹೋಗುತ್ತದೆ. ‘ಸ್ವರ ನುಂಗುತ್ತದೆ’ ಅಂದರೆ ಆದೀತೇ? ಬೀದರ್, ಯಾದಗಿರಿ ಕಡೆ ಭಜನೆಯ ಏಕತಾರಿ ನುಡಿಸುವವರು, ತಂಬೂರಿ ಹಿಡಿಯುವವರು ಇದ್ದರೆ ನಿಮ್ಮಲ್ಲಿ ಇದಕ್ಕೆ ಏನನ್ನುತ್ತಾರೆ ಬರೆಯಿರಿ.

ಹುಡುಗನ ಗಿಟಾರಿನ ಬ್ಯಾಗಿನಲ್ಲಿ ಒಂದು ಚೀಟಿ ಇಟ್ಟಿದ್ದೇನೆ, ಇನ್ನು ಯಾವ ಅಂಗಡಿಗೆ ಹೋದರೂ ಜೊತೆಗೆ ಹೋಗಲಿ ಅಂತ. ಅದರಲ್ಲಿ ಬರೆದದ್ದು ಇಷ್ಟು: ‘ಕೈಗೆ ಒಗ್ಗಿದೆ. ದನಿ ಚಲೋ ಇದೆ. ಬೇಸಿಗೆಗೆ ಹದಗೆಡುತ್ತದೆ: ಉಲ್ಟಾ ಕಮಾನು ಬೀಳುತ್ತದೆ, 1ರಿಂದ 4ನೇ ಮೆಟ್ಟಿನ ತನಕ ಝರ್ ಅನ್ನುತ್ತದೆ, ಮೆಟ್ಟಿನ ತುದಿ ಚುಚ್ಚುತ್ತದೆ.’ ನನ್ನ ಕಾಗದ ಓದದೆ ಈ ಚೀಟಿಯೊಂದನ್ನೇ ಓದಿದ್ದರೆ ನಿಮಗೆ ಏನು ಅರ್ಥವಾಗುತ್ತಿತ್ತು? ಅದರಲ್ಲೂ ಆ ‘ಹದಗೆಡುತ್ತದೆ’ ಓದಿ ಹೊಸ ಸಾಮಾನು ಹಾಕಬೇಕು ಅನ್ನಿಸುತ್ತದೋ, ಹದ ಮಾಡಿದರೆ ಸಾಕು ಅನ್ನಿಸುತ್ತದೋ? ಅದನ್ನು ಹೇಳಿದರೆ ಚೀಟಿ ತಿದ್ದಿ ಬರೆಯುತ್ತೇನೆ.