ಕೆಲಸದ ನಡುವೆ ಗ್ಯಾಪ್ ಇದ್ದರೆ ಇರಲಿ, ಸುಳ್ಳು ಲೆಟರ್ ಬೇಡ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಹೀಗೆ ಬರೆದಿದ್ದರು:

"ನನಗೆ 31 ವರ್ಷ, ಬಿ.ಕಾಂ. ಓದಿದ್ದೇನೆ. ಮದುವೆಗೆ ಮುಂಚಿನಿಂದಲೂ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿದ್ದೆ. ಆ ಕಾರ್ಖಾನೆ ಮುಚ್ಚಿತು. ಅದೇ ಹೊತ್ತಿಗೆ ಅತ್ತೆಯವರಿಗೆ ಪಾರ್ಶ್ವವಾಯು ಆಯಿತು, ನಾವು ಶಿವಮೊಗ್ಗಕ್ಕೆ ಹೋದೆವು. ಅಲ್ಲೇ ಮಗಳು ಹುಟ್ಟಿದಳು. ಮೂರು ವರ್ಷ ನೌಕರಿ ಅಂತ ಮಾಡಲಿಲ್ಲ. ಆದರೆ ನಮ್ಮ ಚಿಕ್ಕಪ್ಪನ ಅಡಿಕೆ ಮಂಡಿಯ ಲೆಕ್ಕವನ್ನೆಲ್ಲ ನಾನೇ ನೋಡಿಕೊಳ್ಳುತ್ತಿದ್ದೆ. ಅವರು ಆಗಾಗ ಕೈಗೆ ಒಂದಿಷ್ಟು ಕೊಡುತ್ತಿದ್ದರು, ಸಂಬಳದ ಚೀಟಿ ಇಲ್ಲ. ಈಗ ಮತ್ತೆ ಬೆಂಗಳೂರಿಗೆ ಬಂದಿದ್ದೇವೆ. ಎಷ್ಟು ಕಡೆ ಅರ್ಜಿ ಹಾಕಿದರೂ ಉತ್ತರವೇ ಇಲ್ಲ. ಒಬ್ಬ ಕನ್ಸಲ್ಟೆನ್ಸಿಯವರು ದುಡ್ಡು ಕೊಟ್ಟರೆ ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್, ಪೇಸ್ಲಿಪ್ ಎಲ್ಲ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಎಲ್ಲರೂ ಹಾಗೇ ಮಾಡುತ್ತಾರಂತೆ. ಕೆಲಸ ಕೊಡುವವರು ನಿಜಕ್ಕೂ ಏನು ನೋಡುತ್ತಾರೆ? ನಾನೇನು ಮಾಡಲಿ?"

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ದಾಖಲೆ ಪರಿಶೀಲನೆ ಮಾಡುವ ಉದ್ಯೋಗಿ, ಬೆಂಗಳೂರು

ಮೇಡಂ, ಆ ಕನ್ಸಲ್ಟೆನ್ಸಿಯವರ ಫೋನ್ ಇನ್ನು ಎತ್ತಲೇಬೇಡಿ. ಕೆಲಸಕ್ಕೆ ಆಯ್ಕೆಯಾದವರ ದಾಖಲೆ ಪರಿಶೀಲಿಸುವುದೇ ನನ್ನ ಕೆಲಸ. ದುಡ್ಡು ಕೊಟ್ಟು ಮಾಡಿಸಿದ ಲೆಟರ್ ಹೇಗೆ ಸಿಕ್ಕಿಬೀಳುತ್ತದೆ ಅಂತ ಹೇಳುತ್ತೇನೆ, ಕೇಳಿ.

ಲೆಟರ್‌ನಲ್ಲಿ ಕೊಟ್ಟಿರುವ ಫೋನ್ ನಂಬರನ್ನು ನಾವು ನಂಬುವುದಿಲ್ಲ. ಅದು ಲೆಟರ್ ಮಾರಿದವನದೇ ಇರಬಹುದು. ಮೊದಲು ಆ ಕಂಪನಿ ಇದೆಯಾ ಅಂತ ನೋಡುತ್ತೇವೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಅದು ನೋಂದಣಿಯಾದ ದಿನ, ವಿಳಾಸ, ಈಗ ನಡೆಯುತ್ತಿದೆಯೋ ಇಲ್ಲವೋ ಎಲ್ಲ ಸಿಗುತ್ತದೆ. ಕಂಪನಿ ಹುಟ್ಟಿದ್ದೇ 2023ರಲ್ಲಿ, ಲೆಟರ್‌ನಲ್ಲಿ ಮಾತ್ರ 2021ರಿಂದ ಕೆಲಸ! ಹೀಗೆ ಎಷ್ಟೋ ಅರ್ಜಿಗಳು ಅಲ್ಲೇ ಮುಗಿದುಹೋಗುತ್ತವೆ. ಚಿಕ್ಕ ಸಂಸ್ಥೆಯಾದರೆ ಜಿಎಸ್‌ಟಿ ನಂಬರ್ ಹಾಕಿ ನೋಡುತ್ತೇವೆ. ಅದರ ನೋಂದಣಿ ದಿನವನ್ನು ಯಾರು ಬೇಕಾದರೂ ನೋಡಬಹುದು. ಆಮೇಲೆ ಪಿಎಫ್. 2014ರಿಂದ ಪಿಎಫ್ ಇರುವವರಿಗೆಲ್ಲ 12 ಅಂಕಿಯ ಒಂದೇ ಯುಎಎನ್ ನಂಬರ್. ಎಲ್ಲಿ ಸೇರಿದಿರಿ, ಯಾವಾಗ ಬಿಟ್ಟಿರಿ ಅನ್ನುವುದು ಅದರಲ್ಲಿ ಸಾಲಾಗಿ ಬರುತ್ತದೆ. ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತೇವೆ. ಪೇಸ್ಲಿಪ್ ಪ್ರಿಂಟ್ ಮಾಡಿಸಬಹುದು, ಮೂರು ವರ್ಷ ತಿಂಗಳು ತಿಂಗಳು ಸಂಬಳ ಜಮೆ ಆಗಿದ್ದನ್ನು ಎಲ್ಲಿಂದ ತರುತ್ತೀರಿ?

ಇದರಲ್ಲಿ ನನಗೆ ಜಾಸ್ತಿ ಸಂಕಟ ಆಗುವುದು ಒಂದು ವಿಷಯಕ್ಕೆ. ಎಷ್ಟೋ ಸಲ ಈ ಪರಿಶೀಲನೆ ಮುಗಿಯುವ ಹೊತ್ತಿಗೆ ಹುಡುಗ, ಹುಡುಗಿಯರು ಕೆಲಸಕ್ಕೆ ಸೇರಿಯಾಗಿರುತ್ತದೆ. ಬಾಡಿಗೆ ಮನೆ ಮಾಡಿ, ಮಗುವನ್ನು ಶಾಲೆಗೆ ಸೇರಿಸಿ ಆಗಿರುತ್ತದೆ. ಆಗ ನಮ್ಮ ವರದಿ ಹೋಗುತ್ತದೆ, ಅವತ್ತೇ ಮನೆಗೆ ಕಳಿಸುತ್ತಾರೆ. ಕೈಯಲ್ಲಿ ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆಯ ಪತ್ರ) ಕೂಡ ಇರುವುದಿಲ್ಲ. ಕೆಲಸ ಹೋಗುವುದಷ್ಟೇ ಅಲ್ಲ. ಮೋಸಕ್ಕಾಗಿ ಖೋಟಾ ದಾಖಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 7 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಅಂಥ ದಾಖಲೆಯನ್ನು ಗೊತ್ತಿದ್ದೂ ಅಸಲಿ ಅಂತ ಕೊಡುವುದೂ ಅಪರಾಧವೇ. ಲೆಟರ್ ಮಾರಿದವನು ನಂಬರ್ ಬದಲಾಯಿಸಿ ಪಾರಾಗುತ್ತಾನೆ. ಸಹಿ ಹಾಕಿದ ಅರ್ಜಿ ನಿಮ್ಮದು.

ಗ್ಯಾಪ್ ಇದೆ ಅನ್ನುವುದು ನಮ್ಮ ವರದಿಯಲ್ಲಿ ತಪ್ಪು ಅಂತ ಬರುವುದಿಲ್ಲ ಮೇಡಂ. ನೀವು ಹೇಳಿದ್ದಕ್ಕೂ ದಾಖಲೆಗೂ ತಾಳೆಯಾಗದಿದ್ದರೆ ಅದು ತಪ್ಪು. ಅತ್ತೆಯವರ ಆಸ್ಪತ್ರೆ ಡಿಸ್ಚಾರ್ಜ್ ಸಮರಿ, ಮಗುವಿನ ಜನನ ಪ್ರಮಾಣಪತ್ರ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಅರ್ಜಿಯ ಜೊತೆ ಲಗತ್ತಿಸಬೇಡಿ. ಕೇಳಿದರೆ ಮಾತ್ರ ಕೊಡಿ.

ಸಣ್ಣ ಕೈಗಾರಿಕೆ ನಡೆಸುವವರು, ಪೀಣ್ಯ 2ನೇ ಹಂತ

ಅಮ್ಮಾ, ನಿಮ್ಮ ಪತ್ರ ಓದಿ ಬೇಜಾರಾಯಿತು. ನಿಮ್ಮಂಥವರನ್ನೇ ಹುಡುಕುತ್ತಾ ನಾವು ಕೂತಿರುತ್ತೇವೆ. ನೀವು ನಮಗೆ ಕಾಣುವುದೇ ಇಲ್ಲ.

ನಾನು ಅರ್ಜಿಯಲ್ಲಿ ಮೊದಲು ನೋಡುವುದು ಮನೆ ಎಲ್ಲಿದೆ ಅಂತ. ನಗಬೇಡಿ, ನಿಜ. ಎಲೆಕ್ಟ್ರಾನಿಕ್ ಸಿಟಿಯಿಂದ ಪೀಣ್ಯಕ್ಕೆ ಬರುತ್ತೇನೆ ಎಂದವರು ಎರಡು ತಿಂಗಳಲ್ಲಿ ಸುಸ್ತಾಗಿ ಬಿಡುತ್ತಾರೆ. ದಾಸರಹಳ್ಳಿ, ಜಾಲಹಳ್ಳಿ, ನಾಗಸಂದ್ರ, ನೆಲಮಂಗಲ ಕಡೆಯವರಾದರೆ ಆ ಅರ್ಜಿ ಪಕ್ಕಕ್ಕೆ ಎತ್ತಿಡುತ್ತೇನೆ. ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ನಮಗೆ ಇನ್ನೂ ಅನುಕೂಲವಾಗಿದೆ. ನೀವು ಮನೆ ಎಲ್ಲಿ ಮಾಡಿದ್ದೀರಿ ಅಂತ ಬರೆದಿಲ್ಲ. ಅರ್ಜಿಯಲ್ಲಿ ಮಾತ್ರ ಏರಿಯಾ ಹೆಸರು ತಪ್ಪದೇ ಬರೆಯಿರಿ.

ಎರಡನೆಯದಾಗಿ, ಒಂದೊಂದು ಕಡೆ ಎಷ್ಟು ಕಾಲ ನಿಂತಿದ್ದಾರೆ ಅಂತ ನೋಡುತ್ತೇನೆ. ಆರು ತಿಂಗಳು ಇಲ್ಲಿ, ಎಂಟು ತಿಂಗಳು ಅಲ್ಲಿ ಅಂತ ಇದ್ದರೆ ಭಯವಾಗುತ್ತದೆ. ನಮ್ಮ ಆಫೀಸಿನಲ್ಲಿ ಲೆಕ್ಕಕ್ಕೆ ಇರುವುದೇ ಒಬ್ಬರು ಅಥವಾ ಇಬ್ಬರು. ಅವರು ಮಾರ್ಚ್‌ನಲ್ಲಿ ಎದ್ದುಹೋದರೆ ಆ ವರ್ಷದ ಲೆಕ್ಕ ಯಾರಿಗೂ ಅರ್ಥವಾಗುವುದಿಲ್ಲ. ನೀವು ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ಇದ್ದಿರಿ ಅಲ್ವಾ? ನನ್ನ ಕಣ್ಣಿಗೆ ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಮಾತು. "ಸಂಸ್ಥೆ ಮುಚ್ಚಿದ್ದರಿಂದ ಬಿಟ್ಟೆ" ಅಂತ ಕೆಲಸದ ವಿವರದ ಕೆಳಗೇ ಒಂದು ಸಾಲು ಹಾಕಿ. ಇಲ್ಲದಿದ್ದರೆ ತೆಗೆದುಹಾಕಿದರೇನೋ ಅಂದುಕೊಳ್ಳುತ್ತಾರೆ.

ಮೂರನೆಯದು ಬಹಳ ಮುಖ್ಯ. ನಿಮ್ಮ ಕೈಯಾರೆ ಏನು ಮಾಡಿದ್ದೀರಿ? "ಅಕೌಂಟ್ಸ್ ಮತ್ತು ಜಿಎಸ್‌ಟಿ ಜ್ಞಾನವಿದೆ" ಅಂತ ಎಲ್ಲರೂ ಬರೆಯುತ್ತಾರೆ. ಆ ಸಾಲಿನಿಂದ ನನಗೆ ಏನೂ ತಿಳಿಯುವುದಿಲ್ಲ. ನಿಮ್ಮ ಮಂಡಿಯ ಕೆಲಸವನ್ನೇ ಬಿಡಿಸಿ ಬರೆಯಿರಿ. ರೈತರಿಗೆ ಮುಂಗಡ ಕೊಟ್ಟದ್ದು, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ದರ, ಮಾರಾಟವಾದ ಮೇಲೆ ಮುಂಗಡ ಮುರಿದುಕೊಂಡು ಬಾಕಿ ಕೊಡುವುದು. ಅಡಿಕೆಗೆ 5 ಪರ್ಸೆಂಟ್ ಜಿಎಸ್‌ಟಿ. ಲೋಡ್ ಹೊರಟರೆ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ಬಿಲ್). ತಿಂಗಳ 11ರೊಳಗೆ ಮಾರಾಟದ ವಿವರದ ರಿಟರ್ನ್ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ಇದನ್ನೆಲ್ಲ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ನೀವೇ ಮಾಡಿದ್ದರೆ ನನ್ನ ಕಾರ್ಖಾನೆಯ ಲೆಕ್ಕ ನಿಮಗೆ ಸಲೀಸು. ನಮ್ಮಲ್ಲಿ ಇರುವುದು ಸ್ಟೀಲ್ ರಾಡ್ ಮತ್ತು ಜಾಬ್ ವರ್ಕ್ ಡೆಲಿವರಿ ಚಲನ್, ಅಷ್ಟೇ ವ್ಯತ್ಯಾಸ. ಮಂಡಿಯ ಲೆಕ್ಕ ನೋಡಿದವರು ಜನರ ಜೊತೆ ಮಾತಾಡಿ ಬಾಕಿ ವಸೂಲಿ ಮಾಡುವುದನ್ನೂ ಕಲಿತಿರುತ್ತಾರೆ. ಕಾಲೇಜಿನಿಂದ ನೇರವಾಗಿ ಬಂದವರಿಗೆ ಅದು ಬರುವುದಿಲ್ಲ.

ಚಿಕ್ಕಪ್ಪನವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೆಲಸ, ಪೂರ್ಣ ಹೊತ್ತೋ ಅರ್ಧ ಹೊತ್ತೋ, ಎಲ್ಲ ಇದ್ದದ್ದು ಇದ್ದ ಹಾಗೆ ಇರಲಿ. "ಅಕೌಂಟ್ಸ್ ಮ್ಯಾನೇಜರ್" ಅಂತೆಲ್ಲ ಬರೆಸಬೇಡಿ. ಇಲ್ಲದ ಸಂಬಳವನ್ನೂ ತೋರಿಸಬೇಡಿ. ಅವರು ನಿಮ್ಮ ಚಿಕ್ಕಪ್ಪ ಅನ್ನುವುದನ್ನು ಕೇಳುವ ಮುಂಚೆಯೇ ಹೇಳಿಬಿಡಿ. ಆಮೇಲೆ ನಮಗೆ ಗೊತ್ತಾದರೆ ಬೇರೆ ಥರ ಕಾಣುತ್ತದೆ. ಮಂಡಿಯ ಲೆಕ್ಕಪರಿಶೋಧಕರು ಯಾರಾದರೂ ಇದ್ದರೆ ಅವರ ಒಪ್ಪಿಗೆ ತೆಗೆದುಕೊಂಡು ಅವರ ಹೆಸರನ್ನೂ ಕೊಡಿ. ನಾನಂತೂ ಸಂಬಂಧಿಕರಿಗಿಂತ ಮೊದಲು ಅವರಿಗೇ ಫೋನ್ ಮಾಡುತ್ತೇನೆ.

ನಾನು ಕರೆದವರಿಗೆ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಕಟ್ಟು ಬಿಲ್ ಕೊಡುತ್ತೇನೆ. "ಈ ಖರೀದಿ ಬಿಲ್ 2ಬಿನಲ್ಲಿ ಕಾಣುತ್ತಿಲ್ಲ, ಏನು ಮಾಡುತ್ತೀರಿ?" ಅಂತ ಕೇಳುತ್ತೇನೆ. 2ಬಿ ಅಂದರೆ ಸರಬರಾಜುದಾರರು ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ. ಸರಬರಾಜುದಾರರಿಗೆ ಫೋನ್ ಮಾಡಿ ಅವರ ರಿಟರ್ನ್ ಹಾಕಿಸುತ್ತೇನೆ, ಅಲ್ಲಿಯವರೆಗೆ ಆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕಡಿತ) ತೆಗೆದುಕೊಳ್ಳುವುದಿಲ್ಲ ಅಂತ ಒಬ್ಬರು ಹೇಳಿದರೆ ಸಾಕು, ನನಗೆ ಅವರ ಬಯೋಡೇಟಾದ ಉಳಿದ ಪುಟ ಬೇಡ. ಕೊನೆಗೆ ನಾವು ನಮ್ಮ ಬ್ಯಾಂಕ್ ಲಾಗಿನ್, ಚೆಕ್ ಪುಸ್ತಕ ಎಲ್ಲ ಆ ಟೇಬಲ್ ಮೇಲೇ ಇಡಬೇಕು. ಸುಳ್ಳು ಲೆಟರ್ ತಂದವರ ಮುಂದೆ ಅದನ್ನು ಹೇಗೆ ಇಡಲಿ, ನೀವೇ ಹೇಳಿ.

ಮಕ್ಕಳಾದ ಮೇಲೆ ಕೆಲಸಕ್ಕೆ ಮರಳಿದವರು, ಮೈಸೂರು

ತಂಗಿ, ಬೇರೆಯವರೆಲ್ಲ ಏನೇನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನಾನು ಒಂದು ಮಾತು ಹೇಳಲೇಬೇಕು. ನಿನ್ನ ಪತ್ರದಲ್ಲಿ "ಮೂರು ವರ್ಷ ನೌಕರಿ ಅಂತ ಮಾಡಲಿಲ್ಲ" ಅಂತ ಬರೆದಿದ್ದೀಯ. ಇಂಟರ್‌ವ್ಯೂನಲ್ಲಿ ಆ ಮಾತಿನಿಂದ ಶುರು ಮಾಡಬೇಡ. ಮಂಡಿಯ ಲೆಕ್ಕ ನೋಡಿಕೊಂಡೆ, ಅದರ ಜೊತೆಗೆ ಮನೆಯಲ್ಲಿ ಕಾಯಿಲೆಯವರಿದ್ದರು, ಈಗ ಆ ಜವಾಬ್ದಾರಿ ಒಂದು ಹಂತಕ್ಕೆ ಬಂದಿದೆ. ಇಷ್ಟು ಹೇಳಿದರೆ ಸಾಕು. ಅತ್ತೆಯವರ ಕಾಯಿಲೆಯ ಕಥೆಯನ್ನು ಪೂರ್ತಿ ಹೇಳುವುದು ಬೇಡ. ಎದುರಿಗೆ ಕೂತವರು ಅಯ್ಯೋ ಪಾಪ ಅನ್ನುತ್ತಾರೆ, ಕೆಲಸ ಮಾತ್ರ ಬೇರೆಯವರಿಗೆ ಕೊಡುತ್ತಾರೆ.

"ಮಗು ಚಿಕ್ಕದು, ಹೇಗೆ ನಿಭಾಯಿಸುತ್ತೀರಿ?" ಅಂತ ಕೇಳೇ ಕೇಳುತ್ತಾರೆ. ನಮ್ಮ ಮನೆಯವರನ್ನು ಯಾರೂ ಯಾವತ್ತೂ ಈ ಪ್ರಶ್ನೆ ಕೇಳಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೂ ಉತ್ತರ ಸಿದ್ಧವಾಗಿರಲಿ: ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಬೆಳಗ್ಗೆ ಎಷ್ಟು ಹೊತ್ತಿಗೆ ಆಫೀಸಿನಲ್ಲಿ ಇರುತ್ತೀಯ. ಎರಡೇ ಮಾತು, ಮುಗಿಯಿತು.

ನಿನ್ನ ಬಯೋಡೇಟಾದಲ್ಲಿ ಗಂಡನ ಹೆಸರು, ಜಾತಿ, ಮದುವೆಯಾಗಿದೆಯೇ, ಹವ್ಯಾಸ ಅಂತ ಕೆಳಗೆ ಒಂದು ಪಟ್ಟಿ ಇದ್ದರೆ ತೆಗೆದುಬಿಡು. ಅದು ಮದುವೆ ಬಯೋಡೇಟಾದಲ್ಲಿ ಇರಬೇಕಾದ್ದು. ಆ ಜಾಗದಲ್ಲಿ ಮಂಡಿಯ ಕೆಲಸ ಬರೆ.

ದೊಡ್ಡ ಕಂಪನಿಗಳಲ್ಲಿ ಕೆಲಸ ಬಿಟ್ಟು ಮರಳುವ ಹೆಂಗಸರಿಗಾಗಿಯೇ ನೇಮಕಾತಿ ನಡೆಯುತ್ತದೆ. ಟಾಟಾದವರು 2008ರಲ್ಲೇ 'ಸೆಕೆಂಡ್ ಕರಿಯರ್' ಅಂತ ಶುರು ಮಾಡಿದ್ದರು. ಇಂಥವು ಬಹುಪಾಲು ಹೆಚ್ಚು ಓದಿದ, ಹೆಚ್ಚು ಅನುಭವ ಇರುವವರಿಗೆ. ಆದರೂ "ಮರಳಿ ಕೆಲಸಕ್ಕೆ" ಅನ್ನುವ ಪ್ರಕಟಣೆ ಕಂಡರೆ ಓದಿ ನೋಡು.

ಲೆಕ್ಕಪರಿಶೋಧಕರ ಕಚೇರಿ, ಹುಬ್ಬಳ್ಳಿ

ಸತ್ಯ ಹೇಳಿದರೆ ಕೆಲಸ ಸಿಕ್ಕೇಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಗ್ಯಾಪ್ ಕಂಡ ತಕ್ಷಣ ಅರ್ಜಿ ಬದಿಗೆ ಇಡುವವರು ಇದ್ದಾರೆ. ಅವರ ಮನಸ್ಸು ಬದಲಾಯಿಸಲು ನಿಮ್ಮಿಂದ ಆಗುವುದಿಲ್ಲ. ಹಾಗಾಗಿ ಗ್ಯಾಪ್ ಹಳೆಯದಾಗುವ ಹಾಗೆ ಮಾಡಿಕೊಳ್ಳಿ. ಸಂಬಳ ಕಡಿಮೆಯಾದರೂ ಪರವಾಗಿಲ್ಲ, ಮನೆ ಹತ್ತಿರದ ಯಾವುದಾದರೂ ಸಿ.ಎ. ಕಚೇರಿಗೆ ಸೇರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಮಗೆ ಕೈ ಸಾಲುವುದಿಲ್ಲ, ಗ್ಯಾಪ್ ಬಗ್ಗೆ ಕೇಳುವಷ್ಟು ಪುರುಸೊತ್ತೂ ಇರುವುದಿಲ್ಲ. ಒಂದು ವರ್ಷ ಅಲ್ಲಿ ಹತ್ತಾರು ಜನರ ಲೆಕ್ಕ ನೋಡಿದರೆ, ಮುಂದಿನ ಅರ್ಜಿಯಲ್ಲಿ ಮೊದಲ ಸಾಲು ಅದೇ ಆಗುತ್ತದೆ.

ಅರ್ಜಿ ಹಾಕುವ ಮುಂಚೆ ನೀವು ಕಾರ್ಖಾನೆ ಬಿಟ್ಟ ಮೇಲೆ ಬದಲಾದದ್ದನ್ನು ಒಮ್ಮೆ ಓದಿಕೊಳ್ಳಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಕಡ್ಡಾಯ. ವೋಚರ್ ತಿದ್ದಿದರೆ ಯಾವಾಗ ತಿದ್ದಿದ್ದು ಅನ್ನುವುದು ಉಳಿಯುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ಬಿಲ್) ಬಂತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾದವು, 12 ಮತ್ತು 28ರ ಹಂತದಲ್ಲಿದ್ದ ಬಹುತೇಕ ವಸ್ತುಗಳು 5ಕ್ಕೋ 18ಕ್ಕೋ ಹೋದವು. ಮಂಡಿಯಲ್ಲಿ ಒಂದೇ ವಸ್ತುವಿನ ವ್ಯಾಪಾರ ಇದ್ದದ್ದರಿಂದ ಇವೆಲ್ಲ ನಿಮ್ಮ ಕಣ್ಣಿಗೆ ಬೀಳದೆ ಇರಬಹುದು. ಇಂಟರ್‌ವ್ಯೂನಲ್ಲಿ ಇವೇ ಪ್ರಶ್ನೆ ಬರುತ್ತವೆ.

ಅಂದಹಾಗೆ, ನಿಜವಾದ ನೇಮಕಾತಿ ಕನ್ಸಲ್ಟೆನ್ಸಿ ತನ್ನ ಫೀಸನ್ನು ಕಂಪನಿಯಿಂದ ತೆಗೆದುಕೊಳ್ಳುತ್ತದೆ. ನಿಮ್ಮ ಹತ್ತಿರ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪಿಎಫ್ ಕೆಲಸ ಮಾಡಿಕೊಡುವವರು, ದಾವಣಗೆರೆ

ನಿಮ್ಮ ಹಳೇ ಕಾರ್ಖಾನೆ ಮುಚ್ಚಿದೆ, ಇನ್ನು ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಕೊಡುವವರು ಯಾರು ಅನ್ನುವ ಚಿಂತೆ ನಿಮಗೆ ಬಂದಿರಬಹುದು. ನಿಮ್ಮ ಪಿಎಫ್ ಕಟ್ಟಿದ್ದರೆ ಅದೇ ಸಾಕ್ಷಿ. ಪಿಎಫ್ ವೆಬ್‌ಸೈಟ್‌ನಲ್ಲಿ ಯುಎಎನ್ ಹಾಕಿ ಒಳಗೆ ಹೋಗಿ, ಪಾಸ್‌ಬುಕ್ ಮತ್ತು ಸೇವಾ ವಿವರ ಎರಡನ್ನೂ ಡೌನ್‌ಲೋಡ್ ಮಾಡಿಕೊಳ್ಳಿ. ಅದರ ಜೊತೆ ಸಂಬಳ ಬರುತ್ತಿದ್ದ ಖಾತೆಯ ಸ್ಟೇಟ್‌ಮೆಂಟ್, ಸಿಕ್ಕರೆ ನೇಮಕಾತಿ ಪತ್ರ. ಕಂಪನಿಯೇ ಇಲ್ಲದಾಗ ಪರಿಶೀಲನೆಯವರೂ ಇವನ್ನೇ ನೋಡುತ್ತಾರೆ.

ಮುಚ್ಚಿಹೋದ ಕಂಪನಿಗಳು ಕೆಲಸ ಬಿಟ್ಟ ದಿನವನ್ನು ದಾಖಲಿಸದೇ ಹೋಗಿರುವುದು ಉಂಟು. ಆಗ ನೀವು ಇನ್ನೂ ಅಲ್ಲೇ ಕೆಲಸದಲ್ಲಿದ್ದೀರಿ ಅಂತ ತೋರಿಸುತ್ತದೆ. ಕೊನೆಯ ಪಿಎಫ್ ಜಮೆಯಾಗಿ ಎರಡು ತಿಂಗಳು ಕಳೆದಿದ್ದರೆ ಆ ದಿನವನ್ನು ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಮಂಡಿಯಲ್ಲಿ ಪಿಎಫ್ ಇರಲಿಲ್ಲ ಅಂತ ಹೆದರಬೇಡಿ. ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಗೆ ಮಾತ್ರ ಅದು ಕಡ್ಡಾಯ.

ಇನ್ನೊಂದು ವಿಷಯ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರು ಅಥವಾ ಇನಿಷಿಯಲ್ ಬದಲಾಯಿಸಿದ್ದೀರಾ? ಪಿಎಫ್‌ನಲ್ಲಿ ಹಳೇ ಹೆಸರೇ ಇದ್ದರೆ ಹೊಸ ಕಂಪನಿಗೆ ಸೇರುವಾಗ ತೊಡಕಾಗುತ್ತದೆ. ಯುಎಎನ್ ಅನ್ನು 2017ರ ಅಕ್ಟೋಬರ್ 1ರ ನಂತರ ಕೊಟ್ಟಿದ್ದು, ಅದಕ್ಕೆ ಆಧಾರ್ ಜೋಡಣೆ ಆಗಿದ್ದರೆ, ಹಳೇ ಮಾಲೀಕರ ಒಪ್ಪಿಗೆ ಇಲ್ಲದೆ ನೀವೇ ಹೆಸರು ಸರಿಪಡಿಸಬಹುದು. 2025ರ ಜನವರಿಯಿಂದ ಈ ಅನುಕೂಲ ಬಂದಿದೆ. ಅದಕ್ಕಿಂತ ಹಳೆಯದಾದರೆ ಪಿಎಫ್ ಕಚೇರಿಗೆ ಹೋಗಬೇಕಾಗಬಹುದು. ಕೆಲಸ ಸಿಕ್ಕ ಮೇಲೆ ಓಡಾಡಲು ರಜೆ ಸಿಗುವುದಿಲ್ಲ, ಈ ವಾರವೇ ನೋಡಿಬಿಡಿ.